ಚೋಮನಿಗೆ ಸ್ವರ್ಣಕಮಲ ಸಿಕ್ತು, ಗದ್ದೆ ಸಿಗಲಿಲ್ಲ

ಗೆಳೆಯರೇ, ಇದು ಉದ್ದದ ಪೋಸ್ಟ್. ಬಸ್ಸಲ್ಲಿ ಕೂತಾಗಲೋ ರಾತ್ರಿ ಊಟ ಆದಮೇಲೋ ಪುರುಸೊತ್ತು ಮಾಡ್ಕೊಂಡು ಓದಿ. ಮೊದಲ ಪ್ಯಾರಾ ಓದಿ ಜಗಳಕ್ಕೆ ಬರೋರು ದಯವಿಟ್ಟು ಕೊನೆತನಕ ಓದಿ ಜಗಳಕ್ಕೆ ಬನ್ನಿ.

ಕಾದಂಬರಿ ಓದಿ ಆಮೇಲೆ ಅದರ ಸಿನಿಮಾ ನೋಡಿದವರ ಬಾಯಲ್ಲಿ ಸಾಮಾನ್ಯವಾಗಿ ಬರೋದು ಒಂದೇ ಮಾತು, "ಪುಸ್ತಕದಷ್ಟು ಚೆನ್ನಾಗಿ ಬಂದಿಲ್ಲ." ತ.ರಾ.ಸು. ಅವರ ಮೂರು ಕಾದಂಬರಿಗಳನ್ನ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದಾಗ, ಇದು ನಾಗರಹಾವಲ್ಲ ಕೆರೆಹಾವು ಅಂತ ಲೇಖಕರೇ ಬೇಸರ ಮಾಡ್ಕೊಂಡಿದ್ರು ಅನ್ನೋ ಕತೆ ಇವತ್ತಿಗೂ ಚಾಲ್ತಿಯಲ್ಲಿದೆ. ಜನ ಮಾತ್ರ ಆ ಕೆರೆಹಾವನ್ನೇ ತಲೆ ಮೇಲೆ ಹೊತ್ತುಕೊಂಡ್ರು. ಲೇಖಕರ ರಾಮಾಚಾರಿ ಬೇರೆ, ನಮ್ಮ ಅಪ್ಪಂದಿರ ರಾಮಾಚಾರಿ ಬೇರೆ. ಇಂಥ ಹೋಲಿಕೆ ನಂಗೂ ಇಷ್ಟಾನೇ, ಗಂಟೆಗಟ್ಟಲೆ ಮಾತಾಡಬಲ್ಲೆ. ಪರಸಂಗದ ಗೆಂಡೆತಿಮ್ಮನಲ್ಲಿ ಲೋಕೇಶ್ ಮಾಡಿದ್ದನ್ನ ನೋಡಿದ ಮೇಲೆ ಆಲನಹಳ್ಳಿಯವರ ಪುಸ್ತಕ ತೆಗೆದ್ರೆ ಆ ಮುಖ ಬಿಟ್ಟು ಇನ್ನೊಂದು ಮುಖ ಕಣ್ಣಿಗೆ ಬರಲ್ಲ. ತ್ರಿವೇಣಿಯವರ 'ಶರಪಂಜರ' ಓದಿ ಅತ್ತವರಿಗಿಂತ ಕಲ್ಪನಾ ಅವರನ್ನ ನೋಡಿ ಅತ್ತವರೇ ಹೆಚ್ಚು. ಅದೆಲ್ಲ ಇರಲಿ.

ನಾನು ಕೇಳಬೇಕು ಅಂತಿರೋ ಪ್ರಶ್ನೆ ಬೇರೆ. ಕನ್ನಡ ಸಿನಿಮಾ ಕಾದಂಬರಿಗಳ ಕಡೆ ಕೈ ಚಾಚಿದಾಗಲೆಲ್ಲ ಯಾರ ಪುಸ್ತಕಕ್ಕೆ ಕೈ ಹಾಕಿತು? ಅದರೊಳಗೆ ನಮ್ಮ ಜನ ಎಲ್ಲಿ ನಿಂತಿದ್ರು? ಸಿನಿಮಾ ಮುಗಿದು ಲೈಟ್ ಹಾಕಿದ ಮೇಲೆ ಹೊರಗಡೆ ಏನಾಯ್ತು?

ಒಂದು ಲೆಕ್ಕ ನೋಡಿ. ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಸಿನಿಮಾಗಳು ಆರು. ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿಸಾಹೇಬ, ದ್ವೀಪ. ಆರಕ್ಕೆ ಆರೂ ಕತೆ ಅಥವಾ ಕಾದಂಬರಿ ಆಧರಿಸಿದವು. ಅನಂತಮೂರ್ತಿ ಎರಡು ಸಲ, ಕಾರಂತರು, ತೇಜಸ್ವಿ, ರಂ.ಶಾ. ಲೋಕಾಪುರ, ನಾ. ಡಿಸೋಜ. ಎಲ್ಲರೂ ದೊಡ್ಡ ಲೇಖಕರೇ, ಅವರನ್ನ ಓದಿಯೇ ನಾವೂ ಬರೆಯೋದು ಕಲಿತಿದ್ದು. ಆದರೆ ಆ ಆರರಲ್ಲಿ ಒಂದೂ ದಲಿತರು ಬರೆದದ್ದಲ್ಲ. ದಲಿತನೊಬ್ಬ ನಡುಮಧ್ಯೆ ನಿಂತಿರೋದು ಒಂದರಲ್ಲಿ, ಅದು 'ಚೋಮನ ದುಡಿ'.

ಅದಕ್ಕೂ ಮೊದಲು 'ಸಂಸ್ಕಾರ'ದ ಬಗ್ಗೆ ಎರಡು ಮಾತು. 1965ರ ಕಾದಂಬರಿ, 1970ರ ಸಿನಿಮಾ. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದಿತ್ತು, ಬ್ರಾಹ್ಮಣರಿಗೆ ನೋವಾಗುತ್ತೆ ಅಂತ ಗದ್ದಲ ಆಗಿತ್ತು, ಆಮೇಲೆ ಬಿಡುಗಡೆಯಾಗಿ ಸ್ವರ್ಣಪದಕ ತಗೊಂಡಿತು. ಎಲ್ಲರಿಗೂ ಗೊತ್ತಿರೋ ಕತೆ: ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಅದಕ್ಕೆ ಸಂಸ್ಕಾರ ಮಾಡೋರು ಯಾರು? ಶಾಸ್ತ್ರ ಏನು ಹೇಳುತ್ತೆ? ಇಡೀ ಪುಸ್ತಕ ಈ ಪ್ರಶ್ನೆಯಲ್ಲೇ ಬೇಯುತ್ತೆ.

ಅದೇ ಪುಸ್ತಕದಲ್ಲಿ ಅದೇ ಹೊತ್ತಿಗೆ ಅಗ್ರಹಾರದ ಆಚೆ ಹೊಲಗೇರಿಯಲ್ಲೂ ಪ್ಲೇಗಿನಿಂದ ಜನ ಸಾಯ್ತಿದಾರೆ. ಬೆಳ್ಳಿಯ ಮನೆಯವರೂ ಹೋಗ್ತಾರೆ. ಕೇರಿಯವರು ಏನು ಮಾಡ್ತಾರೆ? ಸತ್ತವರನ್ನ ಗುಡಿಸಲಿನ ಸಮೇತ ಸುಟ್ಟುಬಿಡ್ತಾರೆ. ಶಾಸ್ತ್ರ ಇಲ್ಲ, ಪ್ರಶ್ನೆ ಇಲ್ಲ, ಆಚಾರ್ಯರು ಹನುಮಂತನ ಗುಡಿಗೆ ಹೋಗಿ ಕೂರೋದಿಲ್ಲ. ಒಂದು ಹೆಣಕ್ಕೆ ಒಂದು ಕಾದಂಬರಿ, ಉಳಿದ ಹೆಣಗಳಿಗೆ ಒಂದೊಂದು ಸಾಲು. ಅನಂತಮೂರ್ತಿಯವರು ಇದನ್ನ ಗೊತ್ತಿದ್ದೇ ಇಟ್ಟಿದಾರೆ ಅಂತ ನಂಗನ್ಸುತ್ತೆ, ಜಾಣ ಲೇಖಕರು ಅವರು. ಹಾಗಾಗಿ ಇದು ಅವರ ಮೇಲಿನ ದೂರಲ್ಲ. ದೂರು ಇರೋದು ನಮ್ಮ ವಿಮರ್ಶೆಯ ಮೇಲೆ. ಪ್ರಾಣೇಶಾಚಾರ್ಯರ ಅಸ್ತಿತ್ವದ ತಳಮಳದ ಬಗ್ಗೆ ಐವತ್ತು ವರ್ಷದಿಂದ ಸೆಮಿನಾರ್ ನಡೀತಾ ಇದೆ, ಆ ಉರಿಯುವ ಗುಡಿಸಲುಗಳ ಬಗ್ಗೆ ಎಷ್ಟು ಪುಟ ಬಂದಿದೆ? ಕೊನೆಗೆ ನಾರಣಪ್ಪನ ಹೆಣ ಸುಟ್ಟಿದ್ದಾದರೂ ಯಾರು? ಚಂದ್ರಿ ಮತ್ತು ಒಬ್ಬ ಸಾಬರು, ರಾತ್ರೋರಾತ್ರಿ. ಕೆಲಸ ಮಾಡಿ ಮುಗಿಸೋರು ಯಾವಾಗಲೂ ನಾವೇ, ಚಿಂತೆ ಮಾಡೋ ಗುತ್ತಿಗೆ ಅವರದು.

ಸರಿ, ಈಗ ಚೋಮ.

ಶಿವರಾಮ ಕಾರಂತರ 'ಚೋಮನ ದುಡಿ' ಬಂದಿದ್ದು 1933ರಲ್ಲಿ. ಪುಟ್ಟ ಪುಸ್ತಕ, ಒಂದೇ ಕೂತಲ್ಲಿ ಮುಗಿಯುತ್ತೆ. ಚೋಮ ಹೊಲೆಯ, ಒಡೆಯ ಸಂಕಪ್ಪಯ್ಯನ ಮನೆಯ ಮೂಲದಾಳು. ಅವನ ಹತ್ರ ಒಂದು ಜೋಡಿ ಎತ್ತು ಇವೆ, ಉಳೋಕೆ ನೆಲ ಇಲ್ಲ. ಆ ಎತ್ತುಗಳನ್ನ ಮಾರಲೊಲ್ಲ. ಅವನ ಆಸೆ ಇಷ್ಟೇ: ಒಂದು ತುಂಡು ಗದ್ದೆ ಗೇಣಿಗೆ ಸಿಕ್ಕಿ ತಾನೂ ಬೇಸಾಯಗಾರ ಅನ್ನಿಸಿಕೊಳ್ಳಬೇಕು. ಸಂಕಪ್ಪಯ್ಯ ಕೊಡಲಿಕ್ಕೆ ಒಂದು ಹಂತದಲ್ಲಿ ಮನಸ್ಸು ಮಾಡ್ತಾನೆ, ಅವನ ತಾಯಿ ಬಿಡಲ್ಲ. ಹೊಲೆಯ ಬೇಸಾಯ ಮಾಡಿದ್ರೆ ಲೋಕ ಉಳಿಯುತ್ತಾ? ಅಲ್ಲಿಗೆ ಮುಗೀತು.

ಈ ಕಡೆ ಕಾಫಿತೋಟದ ಸಾಲ. ಸಾಲ ತೀರಿಸಲು ಘಟ್ಟ ಹತ್ತಿದ ಇಬ್ಬರು ಗಂಡುಮಕ್ಕಳಲ್ಲಿ ಚನಿಯ ಜ್ವರದಲ್ಲಿ ಸಾಯ್ತಾನೆ, ಗುರುವ ಕ್ರೈಸ್ತರ ಹುಡುಗಿಯ ಜೊತೆ ನಿಂತುಬಿಡ್ತಾನೆ. ಮಗಳು ಬೆಳ್ಳಿ ತೋಟಕ್ಕೆ ಹೋಗ್ತಾಳೆ. ಅಲ್ಲಿ ಅವಳ ಮೈಯೇ ಸಾಲಕ್ಕೆ ವಜಾ. ಚಿಕ್ಕ ಮಗ ನೀಲ ನೀರಲ್ಲಿ ಮುಳುಗ್ತಿದ್ರೆ ದಡದಲ್ಲಿ ನಿಂತವರು ಮುಟ್ಟಿದ್ರೆ ಮೈಲಿಗೆ ಅಂತ ನಿಂತೇ ಇರ್ತಾರೆ. ಕೊನೆಗೆ ಚೋಮ ನೆಲಕ್ಕಾಗಿ ಜಾತಿ ಬಿಡೋಕೂ ಹೊರಡ್ತಾನೆ, ಪಾದ್ರಿ ಹತ್ರ ಹೋಗುವ ದಾರಿಯಲ್ಲಿ ಪಂಜುರ್ಲಿ ಭೂತ ಅವನ ಕಾಲು ಹಿಂದಕ್ಕೆ ಎಳೆಯುತ್ತೆ. ತಿರುಗಿ ಬಂದವನ ಕಣ್ಣಿಗೆ ಬೀಳೋದು ತೋಟದ ರೈಟರ್ ಮನ್ವೇಲನ ಜೊತೆ ಇರೋ ಬೆಳ್ಳಿ. ಎತ್ತುಗಳನ್ನ ಬಿಟ್ಟು, ನೇಗಿಲಿಗೆ ಬೆಂಕಿ ಹಾಕಿ, ಬಾಗಿಲು ಹಾಕ್ಕೊಂಡು ದುಡಿ ಬಡೀತಾ ಬಡೀತಾ ಸಾಯ್ತಾನೆ.

ಈ ಪುಸ್ತಕದ ಇಸವಿ ಒಮ್ಮೆ ನೋಡಿ. 1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದ. ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಟ್ಟ ನೋವು ಬಾಬಾಸಾಹೇಬರಿಗೆ ಹಸಿಹಸಿಯಾಗಿದ್ದ ಕಾಲ. 1933ರಲ್ಲಿ ಗಾಂಧಿಯವರ ಹರಿಜನ ಯಾತ್ರೆ ಶುರು, 1934ರ ಫೆಬ್ರವರಿಯಲ್ಲಿ ಅವರು ಮಂಗಳೂರಿಗೂ ಬಂದ್ರು. 1935ರಲ್ಲಿ ಯೇವಲಾದಲ್ಲಿ ಅಂಬೇಡ್ಕರ್, ಹಿಂದೂವಾಗಿ ಹುಟ್ಟಿದ್ದೇನೆ ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದ್ರು. ಎರಡು ವರ್ಷದ ಅಂತರ. ಕಾರಂತರ ಚೋಮ ಮತಾಂತರದ ದಾರಿಯಿಂದ ವಾಪಸ್ ಬಂದ, ಬಾಬಾಸಾಹೇಬರು ಆ ದಾರಿಯಲ್ಲಿ ವಾಪಸ್ ಬರಲಿಲ್ಲ. ಚೋಮನನ್ನ ತಡೆದ ಪಂಜುರ್ಲಿ ಯಾವುದು ಅಂತ ನಾನು ಬಹಳ ಯೋಚನೆ ಮಾಡಿದೀನಿ. ಅವನ ದೈವವೇ ಇರಬಹುದು, ತುಳುನಾಡಿನ ನಮ್ಮ ಜನಕ್ಕೆ ದೈವ ಅಂದ್ರೆ ಏನು ಅಂತ ಅಲ್ಲಿನ ಗೆಳೆಯರಿಂದ ಕೇಳಿ ಬಲ್ಲೆ. ಆದರೆ ಆ ಕಾಲದ ಸುಧಾರಕ ಮನಸ್ಸಿನ ಒಂದು ಭಯವೂ ಆ ಭೂತದ ವೇಷದಲ್ಲಿ ಅಲ್ಲಿ ನಿಂತಿದೆ. ಹೊಲೆಯನ ಮೇಲೆ ಕನಿಕರ ಇದೆ, ಆದರೆ ಅವನು ಮನೆ ಬಿಟ್ಟು ಹೋಗಬಾರದು. ಅವನು ಹೋಗದಿರಲು ಗೇಣಿಗೆ ಗದ್ದೆ ಕೊಡೋ ಧೈರ್ಯ ಮಾತ್ರ ಆ ಮನೆಯವರಿಗಿಲ್ಲ.

ನಮ್ಮ ಸಂಘಟನೆಯ ಹಿರಿಯರೊಬ್ಬರ ಹತ್ರ ಈ ಮಾತು ಹೇಳಿದಾಗ ಬೈದ್ರು. "ಲೇ, ಕನ್ನಡದಲ್ಲಿ ಹೊಲೆಯನನ್ನ ಕಾದಂಬರಿಯ ನಾಯಕ ಮಾಡೋಕೆ 1933ರಲ್ಲಿ ಇನ್ನೊಬ್ಬರಿಗೆ ಎದೆ ಇತ್ತಾ?" ಅಂದ್ರು. ಅದು ನಿಜ. ಕಾರಂತರು ಆ ಕೇರಿಗಳಲ್ಲಿ ಓಡಾಡಿ ಬರೆದವರು. ಮುಂದೆ ಮಲೆಕುಡಿಯರ ಮೇಲೆ 'ಕುಡಿಯರ ಕೂಸು' ಬರೆದು, 1978ರಲ್ಲಿ ಅದನ್ನೇ 'ಮಲೆಯ ಮಕ್ಕಳು' ಅಂತ ತಾವೇ ಸಿನಿಮಾ ಮಾಡಿದವರು. ಈ ಸಿನಿಮಾ ಎಷ್ಟು ಜನ ನೋಡಿದೀರಿ? ಯಾರ ಹತ್ರನಾದ್ರೂ ಪ್ರತಿ ಇದ್ರೆ ಹೇಳಿ. ಕಾರಂತರ ಗೌರವ ಕಾರಂತರಿಗೆ. ಆದರೆ ಗೌರವ ಬೇರೆ, ಓದು ಬೇರೆ.

ಇನ್ನು ಸಿನಿಮಾ. 1975, ಬಿ.ವಿ. ಕಾರಂತರ ನಿರ್ದೇಶನ, ಕಪ್ಪುಬಿಳುಪು. ಚೋಮನಾಗಿ ಎಂ.ವಿ. ವಾಸುದೇವರಾವ್, ಬೆಳ್ಳಿಯಾಗಿ ಪದ್ಮಾ ಕುಮಟಾ. ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ, ವಾಸುದೇವರಾಯರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ. ಪುಸ್ತಕ ಮೇಲೋ ಸಿನಿಮಾ ಮೇಲೋ ಅಂತ ಕೇಳಿದ್ರೆ ಒಂದು ವಿಷಯದಲ್ಲಿ ನಾನು ಕಣ್ಣುಮುಚ್ಚಿ ಸಿನಿಮಾ ಅಂತೀನಿ. ಅದು ಸದ್ದು. ಪುಸ್ತಕದಲ್ಲಿ ಚೋಮನಿಗೆ ಏನನ್ನಿಸಿತು ಅಂತ ಲೇಖಕರು ಮಧ್ಯೆ ನಿಂತು ನಮಗೆ ತಿಳಿಸ್ತಾರೆ, ಅವನ ದುಃಖಕ್ಕೆ ಒಬ್ಬ ದುಭಾಷಿ ಬೇಕು. ಸಿನಿಮಾದಲ್ಲಿ ಆ ದುಭಾಷಿ ಇಲ್ಲ. ಮಂಚಿಯಲ್ಲಿ ಹುಟ್ಟಿ, ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರಿಗೆ ಸದ್ದಿನ ಬೆಲೆ ಗೊತ್ತಿತ್ತು. ದುಡಿ ಬಡಿಯೋಕೆ ಶುರುವಾದ್ರೆ ಅದು ಚೋಮನದೇ ಮಾತು, ಯಾರೂ ಅರ್ಥ ಹೇಳಬೇಕಾಗಿಲ್ಲ. ಕೋಪ, ಹಸಿವು, ಕುಡಿತ, ಸತ್ತ ಮಗ ಎಲ್ಲ ಆ ಚರ್ಮದ ಮೇಲೆ. ನಮ್ಮಲ್ಲಿ ತಮಟೆ ಹೊಡೆಯೋ ಮನೆಗಳಿಂದ ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯದಲ್ಲಿ ಎರಡೂ ಒಂದೇ. ಎರಡರಲ್ಲೂ ಚೋಮ ಸಾಯ್ತಾನೆ. ಸತ್ತ ಹೊಲೆಯನನ್ನ ನೋಡಿ ಅಳೋದು ಸುಲಭ, ಅವನು ಎದ್ದು ಬಂದು ಪಹಣಿ ಕೇಳಲ್ಲ.

ಈ 1975 ಅನ್ನೋ ಇಸವಿಯನ್ನ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದ್ರೆ ಇಡೀ ಪೋಸ್ಟ್ ಬರೀತಿರೋದೇ ಇದಕ್ಕೆ.

ಎರಡು ವರ್ಷ ಹಿಂದೆ, 1973ರ ನವೆಂಬರಿನಲ್ಲಿ, ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದ್ರು. ಅಷ್ಟೇ. ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿದ ಮನುಷ್ಯ ಒಂದು ಪದಕ್ಕೆ ಮಂತ್ರಿಗಿರಿ ಕಳ್ಕೊಂಡ್ರು, ಕಾಲೇಜು ಹಾಸ್ಟೆಲುಗಳಲ್ಲಿ ದಲಿತ ಹುಡುಗರ ಮೇಲೆ ಹಲ್ಲೆಗಳಾದ್ವು. ಅದೇ ವರ್ಷ ದೇವನೂರರ 'ದ್ಯಾವನೂರು' ಬಂತು. ಬೂಸಾ ಗಲಾಟೆಯ ಬೆಂಕಿಯಿಂದ ದಲಿತ ಸಂಘರ್ಷ ಸಮಿತಿ ಎದ್ದು ಬಂತು, ಬಿ. ಕೃಷ್ಣಪ್ಪನವರು ಊರೂರು ತಿರುಗಿದ್ರು. 1975ರಲ್ಲಿ, ಚೋಮನ ಸಿನಿಮಾ ಬಂದ ವರ್ಷವೇ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯ್ತು. ಒಂದು ಕಡೆ ಪರದೆ ಮೇಲೆ ಹೊಲೆಯ ಬಾಗಿಲು ಹಾಕ್ಕೊಂಡು ಸಾಯ್ತಿದಾನೆ, ಇನ್ನೊಂದು ಕಡೆ ಹೊಲೆಮಾದಿಗರ ಹುಡುಗರು ಬೀದಿಯಲ್ಲಿ ನಿಂತು ಹಾಡ್ತಿದಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತಪದ್ಧತಿ ರದ್ದು ಮಾಡೋ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯ್ತು. ತುರ್ತುಪರಿಸ್ಥಿತಿಯ ಕಾಲ ಅದು. 'ಸಂಸ್ಕಾರ'ದ ಚಂದ್ರಿ ಸ್ನೇಹಲತಾ ರೆಡ್ಡಿ ಆ ಕಾಲದಲ್ಲೇ ಜೈಲು ಸೇರಿ, ಹೊರಬಂದ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡ್ರು.

ಎಲ್ಲಕ್ಕಿಂತ ಮುಖ್ಯವಾದದ್ದು ಭೂಸುಧಾರಣೆ. ದೇವರಾಜ ಅರಸರ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿ. ಉಳುವವನೇ ಹೊಲದೊಡೆಯ. ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕು. ಕರಾವಳಿಯಲ್ಲಿ ಅದನ್ನ ಡಿಕ್ಲರೇಷನ್ ಹಾಕೋದು ಅಂತಿದ್ರು, ಈಗಲೂ ವಯಸ್ಸಾದವರ ಬಾಯಲ್ಲಿ ಅದೇ ಪದ. ಕರ್ನಾಟಕದಲ್ಲಿ ಈ ಕಾನೂನು ಅತಿ ಹೆಚ್ಚು ಕೆಲಸ ಮಾಡಿದ್ದು ಎಲ್ಲಿ ಅಂದ್ರೆ ಚೋಮನ ಜಿಲ್ಲೆಯಲ್ಲೇ, ದಕ್ಷಿಣ ಕನ್ನಡ ಉತ್ತರ ಕನ್ನಡಗಳಲ್ಲೇ. ಯಾಕಂದ್ರೆ ಗೇಣಿ ಪದ್ಧತಿ ಅಲ್ಲೇ ಹೆಚ್ಚು. ಎಷ್ಟೋ ಹಿಂದುಳಿದ ಜಾತಿಗಳ ಬದುಕು ಆ ಒಂದು ಫಾರಂನಿಂದ ಬದಲಾಯ್ತು. ನಾನು ಅರಸರನ್ನ ಕೈಮುಗಿದು ನೆನೆಸ್ಕೊಳ್ಳೋದು ಅದಕ್ಕೇ.

ಆದರೆ ಈ ಕಾನೂನಿನ ಕಣ್ಣಿಗೆ 'ಉಳುವವನು' ಯಾರು? ನೇಗಿಲು ಹಿಡಿದು ಕೆಸರಲ್ಲಿ ನಿಂತವನಲ್ಲ. ಗೇಣಿ ಕೊಟ್ಟು ಉಳುಮೆ ಮಾಡಿಸೋನು ಅಥವಾ ಮಾಡೋನು. ಗೇಣಿ ಇದ್ದವನಿಗೆ ಜಮೀನು. ಕೂಲಿಯವನಿಗೆ, ಮೂಲದಾಳಿಗೆ, ಜೀತದವನಿಗೆ ಫಾರಂ 7ರಲ್ಲಿ ಜಾಗ ಇಲ್ಲ.

ಈಗ ಮತ್ತೆ ಕಾದಂಬರಿಗೆ ಬನ್ನಿ. ಚೋಮ ಕೇಳಿದ್ದೇನು? ದಾನವಾಗಿ ಭೂಮಿ ಕೇಳಲಿಲ್ಲ. ಗೇಣಿಗೆ ಕೇಳಿದ. ಅವತ್ತು ಸಂಕಪ್ಪಯ್ಯನ ತಾಯಿ ಹೂಂ ಅಂದಿದ್ರೆ ಚೋಮ ಗೇಣಿದಾರ ಆಗ್ತಿದ್ದ. ಅವನ ಮಕ್ಕಳೋ ಮೊಮ್ಮಕ್ಕಳೋ 1974ರಲ್ಲಿ ಡಿಕ್ಲರೇಷನ್ ಹಾಕ್ತಿದ್ರು, ಆ ಗದ್ದೆಗೆ ಒಡೆಯರಾಗ್ತಿದ್ರು. ಹೊಲೆಯನಿಗೆ ಬೇಸಾಯ ಕೂಡದು ಅಂತ 1933ರಲ್ಲಿ ಒಂದು ಮುದುಕಿ ಅಂಗಳದಲ್ಲಿ ನಿಂತು ಹೇಳಿದ ಮಾತು ನಲವತ್ತು ವರ್ಷ ಬಿಟ್ಟು ನ್ಯಾಯಮಂಡಳಿಯ ಮುಂದೆ ಸಾಕ್ಷಿ ಹೇಳಿತು. ಕಾನೂನು ಜಾತಿ ಕೇಳಲಿಲ್ಲ, ಗೇಣಿಚೀಟಿ ಕೇಳಿತು. ಗೇಣಿ ಸಿಗದೇ ಇದ್ದದ್ದೇ ಜಾತಿಯಿಂದ. ಸಿನಿಮಾ ಬಂದಾಗ ನ್ಯಾಯಮಂಡಳಿಗಳು ಕೂತಿದ್ವು. ಪರದೆ ಮೇಲೆ ಚೋಮ ಗೇಣಿಗೆ ಕೊಡಿ ಅಂತ ಬೇಡ್ತಿದ್ದ, ಥೇಟರಿನ ಹೊರಗೆ ಗೇಣಿದಾರರು ಸಾಲಲ್ಲಿ ನಿಂತು ಫಾರಂ ತುಂಬ್ತಿದ್ರು, ಆ ಸಾಲಲ್ಲಿ ಚೋಮನ ಜನ ಹುಡುಕಿದರೂ ಸಿಗೋದು ಕಷ್ಟ. ಆ ಸಿನಿಮಾದ ವಿಮರ್ಶೆಗಳಲ್ಲಿ ನಟನೆ, ಛಾಯಾಗ್ರಹಣ, ಸಂಗೀತ ಎಲ್ಲ ಓದಿದೀನಿ. ಈ ಸಾಲಿನ ಮಾತು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದೇ ನೆಲದ ವಿಷಯಕ್ಕೆ ಇನ್ನೊಂದು ಸಿನಿಮಾ ಪಕ್ಕದಲ್ಲಿಡಿ. 'ಬಂಗಾರದ ಮನುಷ್ಯ', 1972. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ (ಕವಿ ಅಲ್ಲ, ನಿರ್ದೇಶಕರು), ರಾಜಕುಮಾರ್. ಬೆಂಗಳೂರಿನ ಸ್ಟೇಟ್ಸ್ ಥೇಟರಿನಲ್ಲಿ ಎರಡು ವರ್ಷ ಓಡಿತು. ಕಾದಂಬರಿ ಓದಿದವರು ಕಡಿಮೆ, ಸಿನಿಮಾ ನೋಡದವರು ಇಲ್ಲ. ಓದಿದ ಹುಡುಗರು ಪಟ್ಟಣ ಬಿಟ್ಟು ವ್ಯವಸಾಯಕ್ಕೆ ವಾಪಸ್ ಹೋದ್ರು ಅಂತ ಹೇಳ್ತಾರೆ. ನಮ್ಮಪ್ಪ ಟೆಂಟಿನಲ್ಲಿ ಮೂರು ಸಲ ನೋಡಿದ್ದ. ನೆಲದ ಮೇಲೆ ಕೂತು, ಬೀಡಿ ಸೇದುತ್ತಾ. ರಾಜೀವ ಬಂಡೆ ಒಡೆದು ಬರಡು ನೆಲವನ್ನ ಹಸಿರು ಮಾಡೋದನ್ನ ಅಪ್ಪ ಸಾಯೋತನಕ ಹೇಳ್ತಿದ್ದ. ಬೆಳಗಾದ್ರೆ ಮತ್ತೊಬ್ಬರ ಹೊಲಕ್ಕೆ ಹೋಗಿ ಅದೇ ಬಂಡೆ ಒಡೀತಿದ್ದವನು ಅವನು. ರಾಜೀವನಿಗೂ ಅಪ್ಪನಿಗೂ ವ್ಯತ್ಯಾಸ ಇಷ್ಟೇ: ರಾಜೀವ ವ್ಯವಸಾಯ ಮಾಡ್ತೀನಿ ಅಂದ್ರೆ ಮಾಡಬಹುದಿತ್ತು. ಇಚ್ಛೆಯೊಂದಿದ್ರೆ ಸಾಕಿತ್ತು. ಆ ಸಿನಿಮಾ ಕೆಟ್ಟದ್ದು ಅಂತ ಹೇಳೋ ದರಿದ್ರ ನಂಗೆ ಬಂದಿಲ್ಲ, ಈಗಲೂ ಟಿವಿಯಲ್ಲಿ ಬಂದ್ರೆ ಕೂರ್ತೀನಿ. ಆದರೆ ಮೂರು ವರ್ಷದ ಅಂತರದಲ್ಲಿ ಬಂದ ಈ ಎರಡು ಸಿನಿಮಾಗಳಲ್ಲಿ ಒಂದು ಎರಡು ವರ್ಷ ಓಡಿತು, ಒಂದಕ್ಕೆ ದಿಲ್ಲಿಯಲ್ಲಿ ಪದಕ ಸಿಕ್ತು. ಭೂಮಿ ಇರೋನ ಕನಸಿಗೆ ಟಿಕೆಟ್ಟು, ಇಲ್ಲದೋನ ಸಾವಿಗೆ ಪ್ರಶಸ್ತಿ.

ನಮ್ಮ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. ಅತ್ತೆಯ ಮದುವೆ ಸಾಲಕ್ಕೆ ಅದು ಊರಿನವರೊಬ್ಬರ ಕೈಗೆ ಹೋಯ್ತು, ಬರೆದುಕೊಟ್ಟದ್ದು ಏನು ಅಂತ ತಾತನಿಗೆ ಓದೋಕೆ ಬರ್ತಿರಲಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಇಂಥವರಿಗೇ ಅಂತ ಬಂದದ್ದು. ನಾವು ಅರ್ಜಿ ಹಾಕಿದಾಗ ತಡವಾಯ್ತು ಅಂದ್ರು. ದಶಕಗಟ್ಟಲೆ ಸುಮ್ಮನಿದ್ದು ಈಗ ಬಂದ್ರೆ ಆಗಲ್ಲ ಅನ್ನೋ ಮಾತಿಗೆ 2017ರ ಸುಪ್ರೀಂ ಕೋರ್ಟ್ ತೀರ್ಪು ಬಲ ಕೊಟ್ಟಿತ್ತು. ಹೋರಾಟ ನಡೆದು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಸೇರಿಸಿದ್ರು. ಕೇಸು ಇನ್ನೂ ನಡೀತಿದೆ, ಹೆಚ್ಚು ಬರೆಯಲ್ಲ. ಮಧ್ಯದಲ್ಲಿ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಿತ್ತುಹಾಕಿ ದುಡ್ಡಿದ್ದ ಯಾರು ಬೇಕಾದ್ರೂ ಕೃಷಿಭೂಮಿ ಕೊಳ್ಳಬಹುದು ಅಂತ ಮಾಡಿದ್ದನ್ನ ಮಾತ್ರ ಮರೀಬೇಡಿ. ಅರಸರ ಕಾನೂನಲ್ಲಿ ನಮಗೆ ಬಾಗಿಲು ಅರ್ಧ ತೆರೆದಿತ್ತು, ಈಗ ಗೋಡೆಯನ್ನೇ ಮಾರಿದಾರೆ.

ಈಗ ತಮಿಳಿಗೆ ಬರ್ತೀನಿ. 2019ರಲ್ಲಿ ವೆಟ್ರಿಮಾರನ್ 'ಅಸುರನ್' ಮಾಡಿದಾಗ ನಮ್ಮ ಹುಡುಗರೆಲ್ಲ ಮೊಬೈಲಲ್ಲಿ ನೋಡಿ ಕುಣಿದ್ರು. ಅದು ಪೂಮಣಿಯವರ 'ವೆಕ್ಕೈ' ಕಾದಂಬರಿ, 1982ರದು. ಓದಿದ ಗೆಳೆಯರು ಹೇಳೋ ಪ್ರಕಾರವೂ ನಾನು ಅನುವಾದದಲ್ಲಿ ಓದಿದ ಪ್ರಕಾರವೂ ಪುಸ್ತಕ ಬೇರೆಯದೇ ಜೀವ. ಅಣ್ಣನ ಕೊಲೆಗೆ ಪ್ರತಿಯಾಗಿ ಕೊಂದ ಹದಿಹರೆಯದ ಹುಡುಗ ಚಿದಂಬರಂ, ಅವನ ಅಪ್ಪ, ಕಾಡು ಗುಡ್ಡಗಳಲ್ಲಿ ತಲೆಮರೆಸಿಕೊಂಡ ಕೆಲವು ದಿನಗಳು. ಅಪ್ಪ ಮಗ ಅನ್ನ ಬೇಯಿಸ್ಕೊಂಡು ಮಾತಾಡೋದೇ ಪುಸ್ತಕ. ಸಿನಿಮಾ ಅದಕ್ಕೆ ಅಪ್ಪನ ಹಳೇ ಕತೆ ಸೇರಿಸಿತು, ಪಂಚಮಿ ಭೂಮಿ ಸೇರಿಸಿತು, ಕೀಳ್ವೆಣ್ಮಣಿ ನೆನಪಾಗುವ ಹಾಗೆ ಗುಡಿಸಲುಗಳಿಗೆ ಬೆಂಕಿ ಬೀಳೋದನ್ನ ಸೇರಿಸಿತು. 1968ರ ಡಿಸೆಂಬರ್ 25ರಂದು ಅಲ್ಲಿ 44 ದಲಿತ ಕೂಲಿಕಾರರನ್ನ, ಹೆಚ್ಚಿನವರು ಹೆಂಗಸರು ಮಕ್ಕಳು, ಒಂದೇ ಗುಡಿಸಲಲ್ಲಿ ಸುಟ್ಟಿದ್ರು. ಸಾಹಿತ್ಯದವರು ಪುಸ್ತಕದ ಮೌನ ಹಾಳಾಯ್ತು ಅಂತಾರೆ, ಒಂದು ಮಟ್ಟಿಗೆ ಹೌದು. ಕತ್ತಿ ಎತ್ತಿದ ಧನುಷ್‌ಗೆ ಶಿಳ್ಳೆ ಬೀಳುವ ಜಾಗದಲ್ಲಿ ಪುಸ್ತಕದ ಅಪ್ಪ ಮಗ ಕಾಣೆಯಾಗ್ತಾರೆ. ಆದರೂ ನಾನು ಸಿನಿಮಾದ ಕಡೆಗೇ. ಯಾಕಂದ್ರೆ ಅದು ಪಂಚಮಿ ಅನ್ನೋ ಪದವನ್ನ ಲಕ್ಷಾಂತರ ಜನರ ಬಾಯಿಗೆ ಹಾಕಿತು. 1890ರ ದಶಕದಲ್ಲಿ, ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಕೊಟ್ಟ ವರದಿಯ ನಂತರ, ಮದ್ರಾಸ್ ಸರ್ಕಾರ ದಲಿತರಿಗೆ ಅಂತ ಬೇರೆಯವರಿಗೆ ಮಾರಬಾರದ ಷರತ್ತಿನ ಮೇಲೆ ಕೊಟ್ಟ ಭೂಮಿ ಅದು. ಈಗ ಎಷ್ಟು ಯಾರ ಕೈಲಿದೆ ಅನ್ನೋದೇ ಜಗಳ.

ಇದು ತಮಿಳರ ವಿಷಯ ಅಂದ್ಕೊಂಡ್ರಾ? 1956ರವರೆಗೆ ದಕ್ಷಿಣ ಕನ್ನಡ ಇದ್ದದ್ದು ಅದೇ ಮದ್ರಾಸ್ ಆಡಳಿತದಲ್ಲಿ. ಅಲ್ಲೂ ಅಂಥ ಭೂಮಿ ಕಾದಿರಿಸಿದ್ರು. ಅದಕ್ಕೆ ಇವತ್ತಿಗೂ ಡಿಸಿ ಮನ್ನಾ ಭೂಮಿ ಅಂತಲೇ ಹೆಸರು. ಡಿಸಿ ಅಂದ್ರೆ ಜಿಲ್ಲಾಧಿಕಾರಿ ಅಂತ ಎಷ್ಟೋ ಜನ ತಿಳ್ಕೊಂಡಿದಾರೆ. ಅಲ್ಲ, ಡಿಪ್ರೆಸ್ಡ್ ಕ್ಲಾಸ್. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಪರಿಶಿಷ್ಟರ ಕುಂದುಕೊರತೆ ಸಭೆ ಅಂತ ಕರೆದ್ರೆ ಸಾಕು, ಅಲ್ಲಿನ ನಮ್ಮ ಅಣ್ಣಂದಿರು ಎದ್ದು ನಿಂತು ಕೇಳೋ ಮೊದಲ ಪ್ರಶ್ನೆ ಡಿಸಿ ಮನ್ನಾ ಭೂಮಿ ಯಾವಾಗ ಹಂಚ್ತೀರಿ, ಒತ್ತುವರಿ ಯಾವಾಗ ಬಿಡಿಸ್ತೀರಿ ಅಂತ. ಅಂದ್ರೆ ಚೋಮ ಒಡೆಯನ ಅಂಗಳದಲ್ಲಿ ಕೈಮುಗಿದು ನಿಂತ ಕಾಲದಲ್ಲೇ ಅವನ ಹೆಸರಿನ ಭೂಮಿ ಅನ್ನೋದು ಆ ಜಿಲ್ಲೆಯ ಕಡತದಲ್ಲಿತ್ತು. ಕಾದಂಬರಿಯಲ್ಲಿ ಆ ಕಡತ ಇಲ್ಲ. ಸಿನಿಮಾದಲ್ಲೂ ಇಲ್ಲ. ವೆಟ್ರಿಮಾರನ್ ಪೂಮಣಿಯವರ ಪುಸ್ತಕಕ್ಕೆ ಏನು ಮಾಡಿದ್ರೋ ಅದನ್ನ ಯಾರಾದ್ರೂ ಕನ್ನಡದವರು 'ಚೋಮನ ದುಡಿ'ಗೆ ಮಾಡಲಿ ಅಂತ ನನ್ನಾಸೆ. ಪಾದ್ರಿಯ ಮನೆಗೂ ಬೇಡ, ಪಂಜುರ್ಲಿಯ ಗುಡಿಗೂ ಬೇಡ, ಚೋಮ ಮೂರನೇ ದಾರಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗಲಿ. ಜೊತೆಗೆ ಬೆಳ್ಳಿಯೂ ಹೋಗಲಿ. ಆ ಹುಡುಗಿ ಅಕ್ಷರ ಕಲಿತಿದ್ರೆ ಅನ್ನೋದೂ ಕನಸಲ್ಲ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ನಮ್ಮ ಮಕ್ಕಳಿಗೆ ಶಾಲೆ ತೆರೆದಿದ್ರು.

ಮರಾಠಿಯವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂಚೆ. ಮಾಂಗ್ ಜಾತಿಯಲ್ಲಿ ಹುಟ್ಟಿ, ಶಾಲೆ ಮೆಟ್ಟಿಲು ಹೆಚ್ಚು ಹತ್ತದ ಅಣ್ಣಾಭಾವು ಸಾಠೆಯವರು 1959ರಲ್ಲಿ 'ಫಕೀರಾ' ಬರೆದು ಬಾಬಾಸಾಹೇಬರ ಲೇಖನಿಗೆ ಅರ್ಪಿಸಿದ್ರು. ಬರಗಾಲದಲ್ಲಿ ಖಜಾನೆ, ಕಣಜ ದೋಚಿ ಜನರ ಹೊಟ್ಟೆಗೆ ಹಾಕಿ ಬ್ರಿಟಿಷರ ವಿರುದ್ಧ ನಿಂತ ಮಾಂಗ್ ವೀರನ ಕತೆ. 1963ರಲ್ಲಿ ಅದು ಸಿನಿಮಾ ಆಯ್ತು. ಅಣ್ಣಾಭಾವು ಅವರ ಇನ್ನೂ ಹಲವು ಕಾದಂಬರಿಗಳು ಸಿನಿಮಾ ಆದ್ವು, ಅವರು ಮಾತ್ರ ಮುಂಬೈಯ ಕೊಳೆಗೇರಿಯಲ್ಲಿ ಬಡವರಾಗೇ 1969ರಲ್ಲಿ ತೀರಿಕೊಂಡ್ರು. ಅದು ಬೇರೆ ಸಂಕಟ. ಆದರೆ ನಮ್ಮವನೊಬ್ಬ ಬರೆದ ನಮ್ಮವನ ಕತೆ, ಸಾಯೋಕೆ ಮುಂಚೆ ಎದ್ದು ನಿಲ್ಲುವವನ ಕತೆ, ಅಷ್ಟು ಹಿಂದೆಯೇ ಪರದೆಗೆ ಬಂದಿತ್ತು.

ನಮ್ಮಲ್ಲಿ? ದೇವನೂರರ ಕತೆಗಳನ್ನಿಟ್ಟುಕೊಂಡು ಕೆ. ಶಿವರುದ್ರಯ್ಯ 'ಮಾರಿಕೊಂಡವರು' ಮಾಡಿದ್ರು, ಒಳ್ಳೇ ಪ್ರಯತ್ನ, ಎಷ್ಟು ಥೇಟರಿನಲ್ಲಿ ಎಷ್ಟು ದಿನ ಇತ್ತು ಅಂತ ನಿಮಗೇ ಗೊತ್ತು. 'ಒಡಲಾಳ' ರಂಗದ ಮೇಲೆ ಬಂತು, ಸಿಜಿಕೆ ನಿರ್ದೇಶನದಲ್ಲಿ ಉಮಾಶ್ರೀಯವರ ಸಾಕವ್ವನನ್ನ ನೋಡಿದವರು ಮರೆತಿಲ್ಲ. ಆದರೆ ಅದು ದೊಡ್ಡ ಪರದೆಗೆ ಬರಬೇಕಾದ ಪುಸ್ತಕ. ಆ ಕಡಲೆಕಾಯಿಯ ರಾತ್ರಿ ನೆನಪಿಸ್ಕೊಳ್ಳಿ. ಯಜಮಾನರ ಮನೆಯಿಂದ ಕದ್ದು ತಂದ ಮೂಟೆ, ಒಲೆ ಸುತ್ತ ಇಡೀ ಮನೆ, ಹುರಿದು ಹುರಿದು ತಿಂದು ಬೆಳಗಾಗೋದ್ರೊಳಗೆ ಒಂದು ಸಿಪ್ಪೆಯೂ ಉಳಿಯದ ಹಾಗೆ ಮುಗಿಸೋದು. ಹಸಿವು ಅಲ್ಲಿ ಅಳಲ್ಲ, ನಗುತ್ತೆ. ಒಬ್ಬರ ಮೈಗೊಬ್ಬರು ಒತ್ತಿಕೊಂಡು ಕೂತ ಆ ಬೆಂಕಿಯ ಬೆಳಕು, ಪುಟ್ಟಗೌರಿ ಗೋಡೆ ಮೇಲೆ ಬರೆಯೋ ನವಿಲು, ಕಳೆದುಹೋದ ಹುಂಜಕ್ಕಾಗಿ ಸಾಕವ್ವನ ಹುಡುಕಾಟ. ಯಾವ ಕ್ಯಾಮೆರಾದವನಿಗೆ ಇದಕ್ಕಿಂತ ಹೆಚ್ಚು ಬೇಕು? 1978ರ ಪುಸ್ತಕ ಅದು, ಚೋಮನ ಸಿನಿಮಾ ಬಂದು ಮೂರೇ ವರ್ಷಕ್ಕೆ. ಚೋಮ ಬಾಗಿಲು ಹಾಕ್ಕೊಂಡು ಒಬ್ಬನೇ ಸತ್ತ, ಸಾಕವ್ವನ ಮನೆಯವರು ಬಾಗಿಲು ಹಾಕ್ಕೊಂಡು ಎಲ್ಲ ಸೇರಿ ಉಂಡರು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಗ್ಗೆ ಬರೆಯೋಕೆ ಹೊರಟ್ರೆ ಇನ್ನೊಂದು ಪೋಸ್ಟ್ ಆಗುತ್ತೆ. ಪುಸ್ತಕ ಶುರುವಾಗೋದೇ ನಾಯಿಗುತ್ತಿಯಿಂದ, ಅವನ ನಾಯಿ ಹುಲಿಯನಿಂದ. ತಿಮ್ಮಿಗಾಗಿ ಅವನು ಕಾಡು, ಮಳೆ, ರಾತ್ರಿ ಒಂದನ್ನೂ ಲೆಕ್ಕಿಸದೆ ನಡೀತಾನೆ. ರಂಗಾಯಣ ಅದನ್ನ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇಡೀ ರಾತ್ರಿಯ ನಾಟಕ ಮಾಡಿತು, ಬೆಳಗಿನ ಚಳಿಗೆ ಕಂಬಳಿ ಹೊದ್ದು ನೋಡಿದ ಜನರಲ್ಲಿ ನಾನೂ ಒಬ್ಬ. ಸಿನಿಮಾದವರು ಕುವೆಂಪು ಅವರಲ್ಲಿ ಆರಿಸಿಕೊಂಡದ್ದು 'ಕಾನೂರು ಹೆಗ್ಗಡಿತಿ'ಯನ್ನ, 1999ರಲ್ಲಿ, ಕಾರ್ನಾಡರು. ದೊಡ್ಡ ಮನೆಯ ಜಗಳಗಳಿಗೆ ಸಿಕ್ಕ ಜಾಗ ಬೇಲರ ಹಟ್ಟಿಗೆ ಸಿಗಲಿಲ್ಲ ಅನ್ನೋದು ನನ್ನ ತಕರಾರು.

ನಮ್ಮ ತಾಲ್ಲೂಕಿನ ಹುಡುಗರು ಬರುವ ತಿಂಗಳು 'ಚೋಮನ ದುಡಿ'ಯನ್ನ ಕೇರಿಯಲ್ಲೇ ಪರದೆ ಕಟ್ಟಿ ತೋರಿಸ್ತೀವಿ ಅಂತಿದಾರೆ. ಪ್ರೊಜೆಕ್ಟರ್ ಸಿಕ್ಕಿದೆ, ಒಳ್ಳೇ ಸ್ಪೀಕರ್ ಬೇಕು, ದುಡಿ ಸದ್ದು ಒಡೆದ ಸ್ಪೀಕರಿನಲ್ಲಿ ಕೇಳಬಾರದು. ಯಾರ ಹತ್ರ ಇದೆಯೋ ಇನ್‌ಬಾಕ್ಸಿಗೆ ಬನ್ನಿ. ಪಿಟಿಸಿಎಲ್ ಅರ್ಜಿ ಬಾಕಿ ಇರೋರು ಅವತ್ತು ಕಾಗದಪತ್ರ ಹಿಡ್ಕೊಂಡು ಸ್ವಲ್ಪ ಮುಂಚೆ ಬಂದ್ರೆ ವಕೀಲ ಗೆಳೆಯರಿಬ್ಬರು ಇರ್ತಾರೆ. ಸಿನಿಮಾ ಕತ್ತಲಾದ ಮೇಲೆ.

ಜೈಭೀಮ್.